ಅಚ್ಚಿನ ಮೇಲಿನ ಕೆಂಪು ಗೆರೆ

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಸಾಲಾಗಿ ತಗಡಿನ ಶೆಡ್ಡುಗಳು. ಒಂದರಲ್ಲಿ ಮೂವತ್ತು ವರ್ಷಗಳಿಂದ ಟ್ರ್ಯಾಕ್ಟರ್ ಟ್ರೇಲರ್, ರಂಟೆ, ಕೂರಿಗೆ, ಕುಂಟೆ ಮಾಡುತ್ತ ಬಂದ ಹಿರಿಯರು. ಎರಡು ಶೆಡ್ಡು ಆಚೆಗೆ, ತಂದೆ ಬಿಟ್ಟುಹೋದ ಲೇತನ್ನು ನಡೆಸುತ್ತಿರುವ, ಡಿಪ್ಲೊಮಾ ಓದಿದ ಹೆಣ್ಣುಮಗಳು. ಮೇ ತಿಂಗಳ ಕೊನೆಯ ಒಂದು ಸಂಜೆ ಕರೆಂಟು ಹೋಯಿತು, ಗ್ರೈಂಡರಿನ ಸದ್ದು ನಿಂತಿತು, ಇಬ್ಬರೂ ಮಾತಿಗೆ ಕೂತರು. ನಮ್ಮ ಹೊಲದ ಕೂರಿಗೆ ರಿಪೇರಿಗೆ ಬಂದಿದ್ದರಿಂದ ನಾನೂ ಅಲ್ಲಿದ್ದೆ. ಹೆಸರು ಹಾಕಬೇಡಿ ಅಂದರು, ಹಾಕಿಲ್ಲ. ಆಡಿದ ಮಾತನ್ನು ನೆನಪಿದ್ದಷ್ಟು ಬರೆದಿದ್ದೇನೆ.

— ನಿನ್ನೆ ಇಡೀ ದಿನ ನಿನ್ನ ಶೆಡ್ಡಿಗೆ ಬೀಗ. ಬುಷ್ ಮಾಡಿಸೋಕೆ ಮೂರು ಜನ ಬಂದು, ನನ್ನನ್ನು ಕೇಳಿ, ವಾಪಸ್ ಹೋದರು. ಎಲ್ಲಿಗೆ ಹೋಗಿದ್ದೆಯವ್ವ?

— ದಾವಣಗೆರೆಗೆ ಮಾಮ. ಇಂಜಿನಿಯರಿಂಗ್ ಉದ್ದಿಮೆಯವರ ಸಮ್ಮೇಳನ ಇತ್ತು. ಒಂದೇ ದಿನದ್ದು.

— ಬಿತ್ತನೆ ತಲೆ ಮೇಲೆ ಬಂದು ಕೂತಿದೆ. ವರ್ಷದ ದುಡಿಮೆ ಈ ಇಪ್ಪತ್ತು ದಿನದಲ್ಲಿ. ಇಂಥ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಭಾಷಣ ಕೇಳೋಕೆ ಹೋಗೋದಾ?

— ದಿನ ಗೊತ್ತುಮಾಡಿದವರು ನಾವಲ್ಲವಲ್ಲ. ಬಿತ್ತನೆಗೆ ಮುಂಚೆ ಇಟ್ಟದ್ದು ತಪ್ಪು ಅಂತ ಅವರಿಗೂ ಹೇಳಿ ಬಂದೆ. ಆದರೂ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ.

— ಎಷ್ಟು ಖರ್ಚಾಯಿತು?

— ಬಸ್ಸು, ನೋಂದಣಿ, ಊಟ ಎಲ್ಲ ಸೇರಿ ಸಾವಿರದೊಳಗೆ. ಒಂದು ದಿನದ ದುಡಿಮೆ ಹೋದದ್ದು ಬೇರೆ.

— ತಂದದ್ದೇನು?

— ಒಂದಷ್ಟು ಫೋನ್ ನಂಬರು, ಮತ್ತೆ ಈ ಮೂರು ಡಬ್ಬಿ. ಅಲ್ಲಿ ಮೂಲೆಯಲ್ಲಿ ಬಿದ್ದಿದೆಯಲ್ಲ, ಆ ಅಚ್ಚು ಯಾವುದು ಮಾಮ?

— ಹಳೇ ಟ್ರೇಲರಿಂದು. ರೈತ ತಂದುಕೊಟ್ಟಿದ್ದಾನೆ. ಮೇಲಿನ ಡಬ್ಬ ತುಕ್ಕು ತಿಂದು ಹೋಗಿದೆ, ಅಚ್ಚು ಗಟ್ಟಿ ಇದೆ, ಹೊಸ ಟ್ರೇಲರಿಗೆ ಇದನ್ನೇ ಕೂರಿಸಿಕೊಡು ಅಂದ. ನೋಡಿದೆ. ಸುತ್ತಿಗೆಯಿಂದ ಬಡಿದೂ ನೋಡಿದೆ. ಸದ್ದು ಚೆನ್ನಾಗೇ ಬರ್ತದೆ.

— ಇನ್ನೊಂದು ಸಲ ನೋಡೋಣ. ಕರೆಂಟೂ ಬೇಡ ಇದಕ್ಕೆ. ತಂತಿ ಬ್ರಷ್ ಕೊಡಿ. ಬೀಡಿ ಆರಿಸಿ, ಇದು ಬೆಂಕಿ ಹಿಡಿಯುವ ವಸ್ತು.

ಅಚ್ಚನ್ನು ಇಬ್ಬರೂ ಎತ್ತಿ ಎರಡು ಮರದ ತುಂಡುಗಳ ಮೇಲಿಟ್ಟರು. ಚಕ್ರ ಕೂರುವ ತುದಿಯ ಬಳಿ, ಕಂಬಿ ದಪ್ಪದಿಂದ ಸಣ್ಣಕ್ಕೆ ಇಳಿಯುವ ಭುಜವನ್ನು ಆಕೆ ಬ್ರಷ್ಷಿನಿಂದ ತಿಕ್ಕಿದಳು. ಗ್ರೀಸು, ಬಣ್ಣ, ತುಕ್ಕು ಹೋಗಿ ಲೋಹ ಕಾಣುವ ತನಕ ಬಿಡಲಿಲ್ಲ. ಮೊದಲ ಡಬ್ಬಿಯಿಂದ ತೊಳೆದಳು. ಒಣಗಿದ ಮೇಲೆ ಎರಡನೆಯದರಿಂದ ಕೆಂಪು ದ್ರವ ಸಿಂಪಡಿಸಿದಳು. ಕುಂಕುಮ ಕಲಸಿದಂಥ ಕೆಂಪು.

— ಈಗ?

— ಕಾಲು ಗಂಟೆ ಬಿಡಬೇಕು. ಎಲ್ಲಾದರೂ ಬಿರುಕಿದ್ದರೆ ಈ ಬಣ್ಣ ಅದರೊಳಕ್ಕೆ ತಾನೇ ಇಳಿಯುತ್ತದೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ. ಅಲ್ಲಿಯವರೆಗೆ ನಿಮ್ಮ ಸಿಟ್ಟು ಇಳಿಸಿಕೊಳ್ಳಿ.

— ಸಿಟ್ಟಲ್ಲ. ನಾನೂ ಹೋಗಿ ಬಂದವನೇ. ಬೆಂಗಳೂರಿನ ಇಮ್‌ಟೆಕ್ಸ್ ನೋಡಿದ್ದೇನೆ. ತುಮಕೂರು ರಸ್ತೆಯ ಮಾದಾವರದ ಹತ್ತಿರ ದೊಡ್ಡ ಪ್ರದರ್ಶನ ಕೇಂದ್ರ ಇದೆಯಲ್ಲ, ಅಲ್ಲಿ. ಈಗ ಮೆಟ್ರೋ ಅಲ್ಲಿತನಕ ಹೋಗುತ್ತದಂತೆ, ಆಗ ಇರಲಿಲ್ಲ. ರಾತ್ರಿ ಬಸ್ಸಿಗೆ ಹೋಗಿ ಬೆಳಗ್ಗೆ ಇಳಿದು, ಸಂಜೆವರೆಗೆ ಒಂದೊಂದೇ ಹಾಲ್ ಸುತ್ತಿದೆ. ಒಂದು ಯಂತ್ರದ ಮುಂದೆ ನಿಂತು ಬೆಲೆ ಕೇಳಿದೆ. ಅವನು ಹೇಳಿದ ದುಡ್ಡಿಗೆ ನಮ್ಮ ಈ ಶೆಡ್ಡಿನ ಸಾಲನ್ನೇ ಕೊಳ್ಳಬಹುದಿತ್ತು. ನನ್ನ ಕಾರ್ಡ್ ಕೇಳಿದ, ನನ್ನ ಹತ್ತಿರ ಕಾರ್ಡ್ ಇರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಚೀಲದ ತುಂಬ ಬಣ್ಣದ ಪುಸ್ತಕ ತಂದೆ, ಮೊಮ್ಮಕ್ಕಳು ಪಠ್ಯಪುಸ್ತಕಕ್ಕೆ ರಟ್ಟು ಹಾಕಿಕೊಂಡರು.

— ಇಮ್‌ಟೆಕ್ಸನ್ನು ನಾನು ಬೇಡ ಅನ್ನುವುದಿಲ್ಲ. ಯಂತ್ರೋಪಕರಣ ತಯಾರಕರ ಸಂಘ 1969ರಿಂದ ನಡೆಸಿಕೊಂಡು ಬಂದಿದೆ. ಲೋಕದಲ್ಲಿ ಲೋಹವನ್ನು ಹೇಗೆಲ್ಲ ಕೊರೆಯುತ್ತಾರೆ ಅನ್ನೋದನ್ನು ಜೀವನದಲ್ಲಿ ಒಮ್ಮೆ ಕಣ್ಣಾರೆ ನೋಡಬೇಕು. ಆದರೆ ಅದು ಯಂತ್ರ ಕೊಳ್ಳುವವರ ಸಂತೆ. ನಾವು ಕೊಳ್ಳುವವರಲ್ಲ, ಕೇಳುವವರು. ನಿನ್ನೆ ನಾನು ಹೋದಲ್ಲಿ ಅರವತ್ತೋ ಎಪ್ಪತ್ತೋ ಜನ ಇದ್ದಿರಬೇಕು. ಎಲ್ಲರ ಕೈಯೂ ನಮ್ಮ ಕೈಯಷ್ಟೇ ಕಪ್ಪು. ಹರಿಹರದವರು, ರಾಣೆಬೆನ್ನೂರಿನವರು, ಹೊಸಪೇಟೆಯವರು, ಹಗರಿಬೊಮ್ಮನಹಳ್ಳಿಯಿಂದ ಮೆಕ್ಕೆಜೋಳದ ಒಕ್ಕಣೆ ಯಂತ್ರ ಮಾಡುವವರೊಬ್ಬರು. ಅವರು ಇಷ್ಟು ವರ್ಷ ನಮ್ಮಿಂದ ಒಂದು ಗಂಟೆಯ ದಾರಿಯಲ್ಲೇ ಇದ್ದರು ಮಾಮ. ನನಗೆ ಗೊತ್ತೇ ಇರಲಿಲ್ಲ.

— ಗೊತ್ತಾಗಿ ಏನಾಯಿತು? ನಿನ್ನ ಕೆಲಸ ಅವನಿಗೆ ಗೊತ್ತಾಯಿತು, ಅಷ್ಟೇ. ನಾಳೆ ನಿನ್ನ ಗಿರಾಕಿಯನ್ನೇ ಎಳೆದುಕೊಂಡಾನು.

— ಅವರು ನನಗೇ ಕೆಲಸ ಕೊಟ್ಟರು. ರೋಟರಿನ ಶಾಫ್ಟು ಮಾಡಿಸೋಕೆ ಹುಬ್ಬಳ್ಳಿಗೆ ಕಳಿಸುತ್ತಿದ್ದರಂತೆ. ಹರಪನಹಳ್ಳಿಯಲ್ಲಿ ಲೇತ್ ಇದೆ ಅಂತ ಅವರಿಗೂ ಗೊತ್ತಿರಲಿಲ್ಲ. ಮೊದಲು ಆರು ಮಾಡಿಕೊಡು, ನೋಡೋಣ ಅಂದಿದ್ದಾರೆ.

ಹಿರಿಯರು ಸುಮ್ಮನಾದರು. ಆಮೇಲೆ ಅವರು ಎತ್ತಿದ್ದು ಬೇರೆಯೇ ವಿಷಯ. ನನಗೆ ಈ ಸಂಜೆಯ ಮಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ.

— ನಮಗೆ ಮೊದಲು ಇಂಥ ಸಮ್ಮೇಳನ ಬೇಕಾಗಿಯೇ ಇರಲಿಲ್ಲ, ಯಾಕೆ ಗೊತ್ತಾ? ಹರಿಹರ ಇತ್ತು. ನನಗೆ ಕೆಲಸ ಕಲಿಸಿದವರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು. 1941ರಲ್ಲಿ ಶುರುವಾದ ಕಾರ್ಖಾನೆ ಅದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾಯರು ಹರಿಹರಕ್ಕೆ ಬಂದು ಲೇತ್ ಮಾಡಿಸಿದರು. ನಿನ್ನ ತಂದೆಯ ಲೇತಿನ ಮೇಲೆ ಎರಕದಲ್ಲೇ ಆ ಹೆಸರಿದೆ, ನೋಡಿದೀಯಲ್ಲ. ನಮ್ಮ ಕೆಲಸದಲ್ಲಿ ಏನಾದರೂ ತಿಳಿಯದೇ ಹೋದರೆ ಗುರುಗಳು ಸೈರನ್ ಹೊತ್ತಿಗೆ ಹರಿಹರಕ್ಕೆ ಹೋಗಿ ಗೇಟಿನ ಮುಂದೆ ನಿಲ್ಲುತ್ತಿದ್ದರು. ಶಿಫ್ಟ್ ಮುಗಿಸಿ ಬರುವ ಹಳೇ ಗೆಳೆಯನನ್ನು ಹಿಡಿದು ಚಹ ಕುಡಿಸಿ ಕೇಳುತ್ತಿದ್ದರು. ಟೂಲ್ ಯಾಕೆ ಸುಡ್ತಿದೆ, ಥ್ರೆಡ್ ಯಾಕೆ ಹರಿಯುತ್ತಿದೆ, ಈ ಕಬ್ಬಿಣಕ್ಕೆ ಎಷ್ಟು ಕಾವು ಕೊಡಬೇಕು. ಅವನಿಗೂ ತಿಳಿಯದಿದ್ದರೆ ನಾಳೆ ಬಾ ಅನ್ನುತ್ತಿದ್ದ, ಒಳಗೆ ಕೇಳಿಕೊಂಡು ಬಂದು ಹೇಳುತ್ತಿದ್ದ.

— ಹೊಸಪೇಟೆ ಕಡೆ?

— ಅಲ್ಲಿ ಟಿ.ಎಸ್.ಪಿ. ಇತ್ತು. ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್. 1960ರಲ್ಲಿ ಆದದ್ದು. ಅಣೆಕಟ್ಟುಗಳ ಗೇಟು ಮಾಡುತ್ತಿದ್ದರು. ಅಲ್ಲಿ ವೆಲ್ಡಿಂಗ್ ಕಲಿತವನು ಅಂದರೆ ಎಲ್ಲಿ ಹೋದರೂ ಮರ್ಯಾದೆ. ನೋಡು, ನಮ್ಮೂರ ಮೇಲೆ ಹೋಗುವ ರೈಲಿನ ಒಂದು ತುದಿ ಹರಿಹರ, ಇನ್ನೊಂದು ಹೊಸಪೇಟೆ. ಎರಡು ತುದಿಗೂ ಎರಡು ದೊಡ್ಡ ಶಾಲೆ ಇದ್ದ ಹಾಗಿತ್ತು. ಎರಡೂ ಮುಚ್ಚಿದವು. ಕೇಳುವ ಮನೆಯೇ ಇಲ್ಲದಂತಾಯಿತು. ಆಮೇಲೆ ನನಗೆ ತಿಳಿದದ್ದನ್ನೇ ನಾನು ಮಾಡುತ್ತ ಬಂದೆ. ತಪ್ಪು ಮಾಡಿದ್ದರೂ ಅದನ್ನೇ ಮಾಡುತ್ತ ಬಂದಿರಬೇಕು, ತಪ್ಪು ಅನ್ನೋಕೆ ಯಾರೂ ಇರಲಿಲ್ಲ.

— ಅದಕ್ಕೇ ಮಾಮ ನಾನು ಹೋಗೋದು. ಶಾಲೆ ಮುಚ್ಚಿತು, ಅಲ್ಲಿ ಕಲಿತವರು ಇದ್ದಾರೆ, ಊರೂರಿಗೆ ಚದುರಿದ್ದಾರೆ. ಅವರೆಲ್ಲ ವರ್ಷಕ್ಕೆ ಒಂದು ದಿನ ಒಂದು ಮಾಡಿನಡಿ ಕೂರುವುದೇ ಈ ಸಮ್ಮೇಳನ. ನಿನ್ನೆ ಈ ಡಬ್ಬಿ ತೋರಿಸಿದವರು ಎಪ್ಪತ್ತು ದಾಟಿದವರು. ಗೇಟಿನ ಕೆಲಸದಲ್ಲೇ ವಯಸ್ಸು ಸವೆಸಿದವರು. ಅವರ ಪ್ರಾತ್ಯಕ್ಷಿಕೆ ಅರ್ಧ ಗಂಟೆಯದು. ಮುಗಿದ ಮೇಲೆ ಊಟದ ಸಾಲಿನಲ್ಲಿ ನಾನು ಅವರ ಹಿಂದೆಯೇ ನಿಂತೆ. ಒಂದು ತಾಸು ಬಿಡಲಿಲ್ಲ.

— ತುಂಗಭದ್ರೆಯ ಗೇಟು ಕಿತ್ತುಹೋದಾಗಿನ ಸುದ್ದಿ ಏನಾದರೂ ಬಂತಾ?

— ಬರದೆ ಇರುತ್ತದಾ? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಯಿತಲ್ಲ. ಮೂವತ್ಮೂರು ಗೇಟಿನಲ್ಲಿ ಒಂದು ಹೋಯಿತು, ಅಣೆಕಟ್ಟು ಭರ್ತಿಯಾಗಿ ನಿಂತಿತ್ತು, ಮೂರು ರಾಜ್ಯದ ರೈತರಿಗೆ ಎದೆ ಒಡೆಯಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುತ್ತೇವೆ ಅಂದರು. ಅದನ್ನು ಎಲ್ಲಿ ಮಾಡಿದರು? ಹೊಸಪೇಟೆ ಸುತ್ತಿನ ನಮ್ಮಂಥವರ ವರ್ಕ್‌ಶಾಪುಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ. ತುಂಡು ತುಂಡಾಗಿ ಮಾಡಿ, ಒಂದರ ಮೇಲೊಂದು ಇಳಿಸಿ, ವಾರದೊಳಗೆ ನೀರು ನಿಲ್ಲಿಸಿದರು. ಯಾವ ಶೆಡ್ಡಿನಲ್ಲಿ ಎಂಥ ಕ್ರೇನ್ ಇದೆ, ಯಾರ ವೆಲ್ಡರ್ ನಂಬಬಹುದು ಅಂತ ಒಬ್ಬರಿಗೊಬ್ಬರು ಗೊತ್ತಿದ್ದರಿಂದ ಆಯಿತು ಅದು. ಆ ರಾತ್ರಿ ಡೈರೆಕ್ಟರಿ ಹುಡುಕುತ್ತ ಕೂತಿದ್ದರೆ ಆಗುತ್ತಿತ್ತಾ?

— ಇಲ್ಲ. ಅದು ಖರೆ.

— ಕಾಲು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಇನ್ನೊಂದು ಕೇಳಿ. ಕೊಟ್ಟೂರಿನ ತೇರು ನಿಮಗೆ ನೆನಪಿದೆಯಲ್ಲ?

— 2017. ಅಲ್ಲೇ ಇದ್ದೆ ನಾನು. ಫೆಬ್ರವರಿ ತಿಂಗಳು, ಕೊಟ್ಟೂರೇಶ್ವರನ ತೇರು. ಜನ ಅಂದರೆ ಜನ. ಕಣ್ಣ ಮುಂದೆಯೇ ವಾಲಿತು. ಆ ಸದ್ದು ಇವತ್ತೂ ಕಿವಿಯಲ್ಲಿದೆ. ಅಚ್ಚು ಮುರಿಯಿತು ಅಂದರು ಎಲ್ಲರೂ. ಮಾರನೇ ದಿನ ಪೇಪರಿನಲ್ಲೂ ಅದೇ ಬಂತು.

— ಅದನ್ನೇ ನಿನ್ನೆ ಆ ಡಬ್ಬಿ ತೋರಿಸಿದವರಿಗೆ ಹೇಳಿದೆ. ಅವರು ಕೇಳಿ, ಅಚ್ಚು ಮುರಿಯುವುದು ಹೊಸ ಕಥೆಯಲ್ಲ ತಂಗಿ ಅಂತ ಒಂದು ಹಳೇ ಸಂಗತಿ ಹೇಳಿದರು. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಇಂಜಿನ್ನಿನ ಅಚ್ಚು ಮುರಿಯಿತಂತೆ. ಬೋಗಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಗಟ್ಟಿಯಾಗಿದ್ದ ಅಚ್ಚು, ಯಾವ ಸೂಚನೆಯೂ ಕೊಡದೆ ಮುರಿದದ್ದು ಹೇಗೆ? ಕಬ್ಬಿಣ ಓಡಾಡಿ ಓಡಾಡಿ ಒಳಗೇ ಹರಳುಗಟ್ಟಿ ಪೆಳಸಾಗುತ್ತದೆ ಅಂತ ಆಗಿನವರ ನಂಬಿಕೆ. ಮರುವರ್ಷ ರ‍್ಯಾಂಕಿನ್ ಅಂತ ಇಪ್ಪತ್ತು ದಾಟಿದ ಒಬ್ಬ ತರುಣ ಮುರಿದ ಅಚ್ಚುಗಳನ್ನು ನೋಡಿ, ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಪ್ರಬಂಧ ಇಟ್ಟ. ಬಿರುಕು ಹುಟ್ಟುವುದು ಅಚ್ಚು ದಪ್ಪದಿಂದ ಸಣ್ಣಕ್ಕೆ ಇಳಿಯುವ ಮೂಲೆಯಲ್ಲಿ, ಹೊರಗಿಂದ ಒಳಕ್ಕೆ ಸ್ವಲ್ಪಸ್ವಲ್ಪವೇ ಬೆಳೆಯುತ್ತದೆ, ಆ ಮೂಲೆಯನ್ನು ಚೂಪಾಗಿ ಬಿಡಬೇಡಿ, ದುಂಡಗೆ ತಿರುವಿ ಅಂದ.

— ರೇಡಿಯಸ್ ಕೊಡು ಅಂದ ಹಾಗಾಯಿತು.

— ಹೌದು. ನೂರಾ ಎಂಬತ್ತು ವರ್ಷದ ಹಿಂದೆ. ಅದಕ್ಕೂ ಎರಡು ವರ್ಷ ಮೊದಲು, 1841ರಲ್ಲಿ, ಅದೇ ಸಂಸ್ಥೆಯ ಮುಂದೆ ಜೋಸೆಫ್ ವಿಟ್‌ವರ್ತ್ ಬೋಲ್ಟುಗಳ ಥ್ರೆಡ್ ಎಲ್ಲ ಕಡೆ ಒಂದೇ ಇರಬೇಕು ಅಂತ ವಾದಿಸಿದ್ದು. ಆಗೆಲ್ಲ ಒಂದು ಶೆಡ್ಡಿನ ಬೋಲ್ಟಿಗೆ ಇನ್ನೊಂದು ಶೆಡ್ಡಿನ ನಟ್ಟು ಕೂರುತ್ತಿರಲಿಲ್ಲ.

— ವಿಟ್‌ವರ್ತ್ ಅನ್ನೋದು ಒಬ್ಬ ಮನುಷ್ಯನ ಹೆಸರಾ? ಮೂವತ್ತು ವರ್ಷದಿಂದ ಆ ಟ್ಯಾಪ್ ಸೆಟ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಐವತ್ತೈದು ಡಿಗ್ರಿ ಕೋನ, ಮೆಟ್ರಿಕ್ಕಿಗೆ ಅರವತ್ತು. ಇಷ್ಟು ಮಾತ್ರ ಗೊತ್ತು.

— ಮನುಷ್ಯನೇ. ನಾನು ಡಿಪ್ಲೊಮಾದಲ್ಲಿ ಈ ಕೋನವನ್ನೂ ಓದಿದೆ, ಆ ಭುಜದ ರೇಡಿಯಸ್ಸನ್ನೂ ಓದಿದೆ. ಪರೀಕ್ಷೆಗೆ ಬರೆದು ಮರೆತೆ. ನಮ್ಮ ತೇರಿನ ಮಾತಿನ ಬೆನ್ನಿಗೇ ಆ ಹಿರಿಯರ ಬಾಯಲ್ಲಿ ಕೇಳಿದಾಗ ಕೈಗೆ ಇಳಿಯಿತು. ಬೆಳಗ್ಗೆ ಬಂದವಳೇ ಮೊದಲು ಮಾಡಿದ ಕೆಲಸ ಅಂದರೆ, ಆ ಆರು ಶಾಫ್ಟಿಗೆ ಮೂಗು ದುಂಡಗಿರುವ ಟೂಲ್ ಸಾಣೆ ಹಿಡಿದದ್ದು.

ಕತ್ತಲಾಗುತ್ತಿತ್ತು. ಆಕೆ ಮೊಬೈಲಿನ ಬೆಳಕು ಹಾಕಿ ಹಿರಿಯರ ಕೈಗೆ ಕೊಟ್ಟಳು. ಬಟ್ಟೆಗೆ ಮೊದಲ ಡಬ್ಬಿಯ ದ್ರವ ಸ್ವಲ್ಪವೇ ಹಾಕಿಕೊಂಡು ಅಚ್ಚಿನ ಮೇಲಿನ ಕೆಂಪನ್ನು ಒರೆಸಿದಳು. ನೇರವಾಗಿ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ ಎಂದು ನನ್ನ ಕಡೆ ನೋಡಿ ಹೇಳಿದಳು. ಒರೆಸಿದ ಮೇಲೆ ಅಚ್ಚು ಮೊದಲಿನ ಹಾಗೇ ಕಂಡಿತು. ಯಾವ ಗುರುತೂ ಇರಲಿಲ್ಲ. ಮೂರನೆಯ ಡಬ್ಬಿಯಿಂದ ಬಿಳಿಯ ಪುಡಿಯ ತೆಳು ಪದರ ಹರಡಿದಳು. ಸುಣ್ಣ ಬಳಿದ ಗೋಡೆಯ ಹಾಗೆ ಆಯಿತು.

— ಇದಕ್ಕೆ ಹತ್ತು ನಿಮಿಷ.

— ಇರಲಿ. ಈಗ ನಾನು ಕೇಳುವುದಕ್ಕೆ ಉತ್ತರ ಕೊಡು. ಭಾಷಣವೆಲ್ಲ ಇಂಗ್ಲಿಷಿನಲ್ಲಿ ಇರ್ತದೆ. ಬಂದವರಲ್ಲಿ ಅರ್ಧ ಜನ ಮಾರೋಕೆ ಬಂದವರು. ಉದ್ಘಾಟನೆ ಎರಡು ಗಂಟೆ ತಡ. ಇದು ನಾನು ಕಂಡದ್ದು. ಸುಳ್ಳಾ?

— ಸುಳ್ಳಲ್ಲ. ನಿನ್ನೆಯೂ ಉದ್ಘಾಟನೆ ತಡವಾಯಿತು. ಎರಡು ಉಪನ್ಯಾಸ ನನಗೆ ಏನೇನೂ ಉಪಯೋಗವಾಗಲಿಲ್ಲ. ಒಬ್ಬರು ರೋಬೋಟಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು, ಅಲ್ಲಿದ್ದ ಯಾರ ಶೆಡ್ಡಿನಲ್ಲೂ ಮೂರು ಫೇಸ್ ಕರೆಂಟು ದಿನವಿಡೀ ಇರುವುದಿಲ್ಲ. ಇಂಥವನ್ನು ನಡೆಸುವವರು ತಿದ್ದಿಕೊಳ್ಳಬೇಕು. ಕನ್ನಡದಲ್ಲಿ ನಡೆಸಬೇಕು, ಉದ್ಘಾಟನೆ ಬಿಟ್ಟು ಪ್ರಾತ್ಯಕ್ಷಿಕೆಯಿಂದ ಶುರುಮಾಡಬೇಕು. ಆದರೆ ನಾವೂ ಬರಿಗೈಯಲ್ಲಿ ಹೋಗುತ್ತೇವೆ ಮಾಮ. ಮದುವೆಗೆ ಹೋದ ಹಾಗೆ ಹೋಗಿ ಕೂತು ಬರುತ್ತೇವೆ. ನಾನು ಈ ಸಲ ಚೀಲದಲ್ಲಿ ಒಂದು ಮುರಿದ ಶಾಫ್ಟ್ ಹಾಕಿಕೊಂಡು ಹೋಗಿದ್ದೆ.

— ಯಾವುದು? ಅದೇ ಮೂರು ಸಲ ಮುರಿದದ್ದಾ?

— ಅದೇ. ಒಂದೇ ಗಿರಾಕಿ, ಮೂರು ಸಲ. ನನ್ನ ಕೈಯೇ ಸರಿಯಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದ. ಮೇಜಿನ ಮೇಲೆ ಆ ತುಂಡು ಇಟ್ಟ ಕೂಡಲೇ ನಾಲ್ಕು ಜನ ಸುತ್ತ ನಿಂತರು. ಭಾಷಣದಲ್ಲಿ ತೂಕಡಿಸುತ್ತಿದ್ದವರು ಎದ್ದು ಬಂದರು. ಒಬ್ಬರು ಮುರಿದ ಮುಖ ನೋಡಿದರು, ಇನ್ನೊಬ್ಬರು ಕಂಬಿ ಎಲ್ಲಿ ಕೊಂಡೆ ಅಂತ ಕೇಳಿದರು. ಇ.ಎನ್. 8 ಅನ್ನೋ ಗಟ್ಟಿ ಉಕ್ಕು ಅಂತ ಹೇಳಿ ಕೊಟ್ಟರು, ಅದರ ದುಡ್ಡೇ ಕೊಟ್ಟೆ ಅಂದೆ. ಒಬ್ಬರು ತಮ್ಮ ಹತ್ತಿರ ಇದ್ದ ಕಡಸು ಅಳೆಯುವ ಸಣ್ಣ ಯಂತ್ರ ಇಟ್ಟು ನೋಡಿ, ಇದು ಬರೀ ಮೈಲ್ಡ್ ಸ್ಟೀಲಿನಂತೆ ಇದೆಯಲ್ಲಮ್ಮ ಅಂದರು. ಮುಂದಿನ ಸಲ ಕೊಳ್ಳುವಾಗ ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್ ಕೇಳು, ಕೊಡದಿದ್ದರೆ ಕೊಳ್ಳಬೇಡ. ಅಷ್ಟೇ ಮಾತು. ಮೂರು ವರ್ಷದಿಂದ ನನ್ನ ಕೈಯನ್ನು ನಾನೇ ಬೈದುಕೊಂಡಿದ್ದೆ.

— ಥೂ ಅವನ. ಎಷ್ಟು ದುಡ್ಡು ಹೋಗಿರಬೇಕು ನಿಂದು.

— ದುಡ್ಡಿಗಿಂತ ಹೆಸರು. ಹೋಗಲಿ. ಇನ್ನೊಂದು ಲಾಭದ ಮಾತು ಹೇಳ್ತೀನಿ, ನಿಮಗೇ ಬೇಕಾದದ್ದು. ನೀವು ಕೆಲಸ ಮಾಡಿಕೊಟ್ಟ ಕಂಪನಿಯವರು ನಿಮಗೆ ಕೊಡಬೇಕಾದ ಬಾಕಿ ಎಷ್ಟು ತಿಂಗಳಾಯಿತು?

— ಏಳು. ಗೇಟು, ಗ್ರಿಲ್ಲು ಎಲ್ಲ ಮಾಡಿಕೊಟ್ಟೆ. ಕೇಳಿದಾಗಲೆಲ್ಲ ಮುಂದಿನ ತಿಂಗಳು ಅನ್ನುತ್ತಾರೆ.

— ನೀವು ಉದ್ಯಮ್ ನೋಂದಣಿ ಮಾಡಿಸಿದ್ದೀರಾ?

— ಹುಡುಗ ಮಾಡಿಸಿದಾನೆ. ಸಾಲಕ್ಕೆ ಬೇಕು ಅಂದರು ಬ್ಯಾಂಕಿನಲ್ಲಿ.

— ಹಾಗಾದರೆ 2006ರ ಕಾಯಿದೆ ನಿಮ್ಮ ಪರವಾಗಿದೆ. ಸಣ್ಣ ಉದ್ದಿಮೆಗೆ ಕೊಡಬೇಕಾದ ದುಡ್ಡನ್ನು ಬರವಣಿಗೆಯ ಒಪ್ಪಂದ ಇದ್ದರೂ 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರ್ಕಾರದ್ದೇ ಪೋರ್ಟಲ್ ಇದೆ, ಅಲ್ಲಿ ದೂರು ಹಾಕಬಹುದು. ಇತ್ತೀಚೆಗೆ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ, ಹೊತ್ತಿಗೆ ಕೊಡದ ದುಡ್ಡನ್ನು ಕಂಪನಿ ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಇದನ್ನು ಹೇಳಿದ್ದು ಒಬ್ಬ ಲೆಕ್ಕಪರಿಶೋಧಕರು, ಕನ್ನಡದಲ್ಲೇ, ಇಪ್ಪತ್ತು ನಿಮಿಷ. ಅಲ್ಲಿದ್ದವರೆಲ್ಲ ಬರೆದುಕೊಂಡರು. ದೂರು ಕೊಟ್ಟರೆ ಕೆಲಸ ಹೋಗುತ್ತದಲ್ಲ ಅಂತ ಒಬ್ಬರು ಕೇಳಿದರು. ಮೊದಲು ಕಾಯಿದೆಯ ಹೆಸರು ಬರೆದು ಒಂದು ಪತ್ರ ಕಳಿಸಿ, ಎಷ್ಟೋ ಸಲ ಅಷ್ಟಕ್ಕೇ ದುಡ್ಡು ಬರುತ್ತದೆ ಅಂದರು.

— ಆ ಪತ್ರ ನಾಳೆ ಬರೆದುಕೊಡು.

— ಬರೆದುಕೊಡ್ತೀನಿ.

— ಅಲ್ಲಿಗೆ ಬಂದವರಿಗೆಲ್ಲ ಸಮ್ಮೇಳನದ ಕರೆಯೋಲೆ ಬಂತು, ನಮ್ಮ ಸಾಲಿಗೆ ಯಾಕೆ ಬರಲಿಲ್ಲ?

— ಬರುವುದು ಎಲ್ಲಿಂದ? ನಮ್ಮ ತಾಲ್ಲೂಕಿನ ಕತೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

— ಗೊತ್ತಿಲ್ಲದೆ ಏನು. ನಮ್ಮ ತಾತನ ಕಾಲಕ್ಕೆ ಮದ್ರಾಸ್ ಪ್ರಾಂತ್ಯದವರು ನಾವು. 1911ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನಲ್ಲಿ ಆರ್ಥಿಕ ಸಮ್ಮೇಳನ ಶುರುಮಾಡಿದರು. ಕೃಷಿ, ಶಿಕ್ಷಣ, ಕೈಗಾರಿಕೆ ಅಂತ ಸಮಿತಿ ಮಾಡಿ, ಜಿಲ್ಲೆ ತಾಲ್ಲೂಕುಗಳವರೆಗೂ ಇಳಿಸಿದರು. ಮೈಸೂರು ಬ್ಯಾಂಕು, ವಾಣಿಜ್ಯ ಮಂಡಳಿ, ಸಾಹಿತ್ಯ ಪರಿಷತ್ತು ಎಲ್ಲ ಆ ಕಾಲದಲ್ಲಿ, ಆ ಸಮ್ಮೇಳನದ ಬೆನ್ನಿಗೇ ಬಂದವು. ನಮಗೆ ಅದು ಯಾವುದೂ ಮುಟ್ಟಲಿಲ್ಲ. 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂದೆವು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹಾಕಿದರು. ಮತ್ತೆ ಬಳ್ಳಾರಿ ಅಂದರು. 2021ರಲ್ಲಿ ವಿಜಯನಗರ. ಕೈಗಾರಿಕಾ ಕೇಂದ್ರದ ಕಚೇರಿ ಯಾವ ಊರಿನಲ್ಲಿದೆ ಅಂತ ತಿಳಿದುಕೊಳ್ಳುವಷ್ಟರಲ್ಲಿ ಜಿಲ್ಲೆ ಬದಲಾಗಿರುತ್ತಿತ್ತು. ಯಾರ ಪಟ್ಟಿಯಲ್ಲೂ ನಮ್ಮ ಹೆಸರಿಲ್ಲ.

— ನಿನ್ನೆ ನಾನು ಪಟ್ಟಿಯಲ್ಲಿ ಬರೆಸಿ ಬಂದೆ. ನನ್ನದು, ನಿಮ್ಮದು, ಈ ಸಾಲಿನ ಏಳು ಶೆಡ್ಡಿನದೂ.

— ನನ್ನದೂ ಬರೆಸಿದೆಯಾ? ಕೇಳದೆ?

— ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ. ನೋಡಿ ಈಗ. ಬೆಳಕು ಹತ್ತಿರ ಹಿಡಿಯಿರಿ.

ಮೂವರೂ ಬಗ್ಗಿ ನೋಡಿದೆವು. ಸುಣ್ಣದಂಥ ಬಿಳುಪಿನ ಮೇಲೆ, ಅಚ್ಚು ಸಣ್ಣಕ್ಕಿಳಿಯುವ ಆ ಮೂಲೆಯಲ್ಲೇ, ಸೂಜಿಯ ದಾರದಷ್ಟು ತೆಳ್ಳಗೆ ಒಂದು ಕೆಂಪು ಗೆರೆ ಮೂಡುತ್ತಿತ್ತು. ಮೊದಲು ಒಂದು ಬೆರಳಿನಗಲ. ನೋಡುತ್ತಿದ್ದಂತೆ ಸುತ್ತಿನ ಕಾಲುಭಾಗಕ್ಕೆ ಹರಡಿ ನಿಂತಿತು. ಯಾರೂ ಮಾತಾಡಲಿಲ್ಲ. ಹಿರಿಯರು ಹೆಬ್ಬೆರಳಿನ ಉಗುರನ್ನು ಗೆರೆಯ ಮೇಲೆ ಆಡಿಸಿದರು. ಉಗುರಿಗೆ ಏನೂ ತಾಕಲಿಲ್ಲ.

— ಸುತ್ತಿಗೆಗೆ ಸಿಗಲಿಲ್ಲವಲ್ಲ ಇದು.

— ಹೊರಮೈಗೆ ತೆರೆದುಕೊಂಡ ಬಿರುಕು ಮಾತ್ರ ಇದಕ್ಕೆ ಸಿಗುತ್ತದೆ ಮಾಮ. ಒಳಗೇ ಇರುವುದನ್ನು ನೋಡಲು ಅಲ್ಟ್ರಾಸಾನಿಕ್ ಬೇಕು. ಅದನ್ನು ಯಾರ ಹತ್ತಿರ ಕೇಳಬೇಕು ಅನ್ನೋದೂ ಈಗ ಗೊತ್ತು, ನಂಬರ್ ಇದೆ.

— ಸುಗ್ಗಿಯಲ್ಲಿ ಮೆಕ್ಕೆಜೋಳ ತುಂಬಿ, ಮೇಲೆ ಹತ್ತು ಆಳು ಕೂರಿಸಿಕೊಂಡು ಬರುತ್ತಾರೆ ಈ ಟ್ರೇಲರಿನಲ್ಲಿ. ಇಂಥ ಎಷ್ಟು ಅಚ್ಚು ಕೂರಿಸಿ ಕಳಿಸಿದ್ದೇನೋ ನಾನು.

ಈ ಮಾತು ಹೇಳಿದಾಗ ಅವರ ದನಿ ನಡುಗಿತು. ನಾನೂ ಅಂಥ ಟ್ರೇಲರಿನ ಮೇಲೆ ಕೂತು ಊರಿಗೆ ಬಂದವನೇ. ಇಂಜಿನಿಯರಿಂಗ್ ಸಮ್ಮೇಳನ ಅಂದರೆ ನಗರದ ದೊಡ್ಡವರ ವ್ಯವಹಾರ ಎಂದು ಅಷ್ಟು ದಿನ ತಿಳಿದಿದ್ದೆ. ಆ ಗೆರೆ ನೋಡಿದ ಮೇಲೆ ಹಾಗೆ ತಿಳಿಯುವುದು ಸಾಧ್ಯವಿಲ್ಲ. ಹೊಲದಿಂದ ಮನೆಗೆ ಬರುವ ಪ್ರತಿಯೊಬ್ಬರ ಜೀವ ಯಾವುದೋ ಶೆಡ್ಡಿನ ಒಂದು ಮೂಲೆಯ ದುಂಡಗಿನ ತಿರುವಿನ ಮೇಲೆ ನಿಂತಿದೆ.

— ಈಗ ಏನು ಮಾಡೋಣ ಇದನ್ನು?

— ಗ್ಯಾಸಿನಲ್ಲಿ ಕತ್ತರಿಸಿಬಿಡಿ. ಹಾಗೇ ಬಿಟ್ಟರೆ ಇನ್ಯಾರೋ ತೆಗೆದುಕೊಂಡು ಹೋಗಿ ಬೆಸುಗೆ ಹಾಕಿ ಕೂರಿಸುತ್ತಾರೆ. ರೈತರಿಗೆ ಈ ಗೆರೆಯ ಫೋಟೋ ತೋರಿಸಿ. ಹೊಸ ಅಚ್ಚಿಗೆ ಒಪ್ಪದಿದ್ದರೆ ನನ್ನನ್ನು ಕರೆಯಿರಿ, ನಾನು ಹೇಳ್ತೀನಿ.

— ಮುಂದಿನದು ಯಾವಾಗ ಅಂತೆ?

— ದೀಪಾವಳಿ ಆದ ಮೇಲೆ, ಒಕ್ಕಣೆ ಮುಗಿಯುವ ಹೊತ್ತಿಗೆ ಇಡಿ ಅಂತ ಹೇಳಿ ಬಂದಿದ್ದೇನೆ. ಇನ್ನೊಂದೂ ಹೇಳಿದ್ದೇನೆ. ಯಾವಾಗಲೂ ದಾವಣಗೆರೆ, ಹೊಸಪೇಟೆ ಯಾಕೆ? ಒಮ್ಮೆ ಹರಪನಹಳ್ಳಿಯಲ್ಲಿ ಮಾಡಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆಯಿಂದ ಬೆಳಗ್ಗೆ ಬಂದು ಸಂಜೆಗೆ ಮನೆ ಸೇರಬಹುದು.

— ಇಲ್ಲಿಗೆ ಯಾರು ಬರುತ್ತಾರವ್ವ?

— ಕುರುವತ್ತಿ ಜಾತ್ರೆಗೆ ಎತ್ತು ಹೊಡೆದುಕೊಂಡು ಎಲ್ಲೆಲ್ಲಿಂದ ಬರುತ್ತಾರೆ ಮಾಮ? ಬಂಡಿ ಕಟ್ಟುವ ಬಡಿಗ, ಪಟ್ಟಿ ಬಿಗಿಯುವ ಕಮ್ಮಾರ ಮೊದಲೆಲ್ಲ ಒಬ್ಬರ ಕೆಲಸ ಒಬ್ಬರು ನೋಡುತ್ತಿದ್ದುದು ಅಲ್ಲೇ ತಾನೇ? ಯಾರ ಗಾಲಿ ಹೇಗೆ ಉರುಳುತ್ತದೆ ಅಂತ ನಿಂತು ನೋಡುತ್ತಿದ್ದರು ಅಂತ ನಮ್ಮಪ್ಪ ಹೇಳುತ್ತಿದ್ದರು.

— ನೋಡುತ್ತಿದ್ದರು. ನಾನೂ ನೋಡಿದ್ದೇನೆ. ಅಚ್ಚಿಗೆ ಎಣ್ಣೆ ಹಚ್ಚುವ ಬಗೆಯ ಮೇಲೆ ದೊಡ್ಡ ವಾದವೇ ನಡೆಯುತ್ತಿತ್ತು.

— ಹಾಗಾದರೆ ಇಲ್ಲಿಗೂ ಬರುತ್ತಾರೆ. ಹೊಸಪೇಟೆಯಲ್ಲೂ ಹರಿಹರದಲ್ಲೂ ಸರ್ಕಾರಿ ಟೂಲ್‌ರೂಮಿನ ತರಬೇತಿ ಕೇಂದ್ರಗಳಿವೆ, ಅಲ್ಲಿಯ ಮೇಷ್ಟ್ರುಗಳನ್ನು ಕರೆಯೋಣ. ಹುಡುಗರನ್ನೂ ಕರೆತರಲಿ. ಐ.ಟಿ.ಐ. ಮಕ್ಕಳು ಬರಲಿ. ನೀವು ನಿಮ್ಮ ಕೂರಿಗೆ ತೋರಿಸಿ, ಬೀಜ ಒಂದೇ ಸಮ ಬೀಳುವ ಹಾಗೆ ನೀವು ಮಾಡುವ ಬಟ್ಟಲು ಸುತ್ತಲ ಯಾರಿಗೂ ಬರುವುದಿಲ್ಲ. ಕೇಳಿಕೊಳ್ಳುವುದಕ್ಕೆ ಮಾತ್ರ ಅಲ್ಲ, ಹೇಳಿಕೊಡುವುದಕ್ಕೂ ಹೋಗಬೇಕು ನೀವು.

— ನನಗೆ ವೇದಿಕೆ ಮೇಲೆ ನಿಂತು ಮಾತಾಡಿ ಗೊತ್ತಿಲ್ಲ.

— ವೇದಿಕೆ ಬೇಡ. ಕೂರಿಗೆ ಪಕ್ಕ ನಿಂತುಕೊಳ್ಳಿ, ಸಾಕು.

ಕರೆಂಟು ಬಂತು. ಹಿರಿಯರು ಗ್ಯಾಸ್ ಕಟರ್ ತರಿಸಿ ಆ ಅಚ್ಚನ್ನು ಕೆಂಪು ಗೆರೆಯ ಮೇಲೆಯೇ ಎರಡು ತುಂಡು ಮಾಡಿದರು. ಒಂದನ್ನು ಗುಜರಿಗೆ ಎಸೆದರು. ಇನ್ನೊಂದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಮುಂದಿನ ಸಮ್ಮೇಳನಕ್ಕೆ ಒಯ್ಯಲು ಕಪಾಟಿನಲ್ಲಿ ಇಟ್ಟರು.

ವಿಜಯನಗರ ಜಿಲ್ಲೆಯ ಕೈಗಾರಿಕಾ ಕೇಂದ್ರದವರಿಗೂ, ದಾವಣಗೆರೆ, ಹರಿಹರ, ಹೊಸಪೇಟೆಯ ಉದ್ದಿಮೆದಾರರ ಸಂಘಗಳಿಗೂ ನನ್ನದೊಂದು ಬಿನ್ನಹ. ಒಕ್ಕಣೆ ಮುಗಿದ ಮೇಲೆ ಒಂದು ದಿನ ಗೊತ್ತುಮಾಡಿ ಹರಪನಹಳ್ಳಿಗೆ ಬನ್ನಿ. ಕನ್ನಡದಲ್ಲಿ ಮಾತಾಡಿ. ಕೊಟ್ಟೂರು ರಸ್ತೆಯ ಈ ಸಾಲಿನಲ್ಲಿ ಏಳು ಶೆಡ್ಡುಗಳಿವೆ. ಏಳರಲ್ಲೂ ನಿಮಗೆ ತೋರಿಸಲು ಒಂದೊಂದು ಮುರಿದ ತುಂಡು ಇದೆ.